ಬಚ್ಚಲು ಮನೆಯ ಲೈನು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತಾರೆ. ಮದ್ದಿಲ್ಲದಿದ್ದರೆ ಹೋಗಲಿ, ಅದಕ್ಕೊಂದಿಷ್ಟು ನಾಚಿಕೆಯಾದರೂ ಇರಬಾರದೇ? ಪೂವಯ್ಯನ ಹೊಟ್ಟೆಕಿಚ್ಚಿಗೆ ಅದೂ ಇರಲಿಲ್ಲ. ಆವತ್ತು ಬೆಳಿಗ್ಗೆ ಅವನು ಹಲ್ಲುಜ್ಜುವ ಮೊದಲೇ ಅದು ಎದ್ದು ಕೂತಿತ್ತು.

ಅದಕ್ಕೆ ತುಪ್ಪ ಸುರಿದವಳು ಅವನ ಹೆಂಡತಿ ಗಂಗಮ್ಮ. ಕಾಫಿ ಲೋಟ ಕೈಗಿಡುತ್ತಾ, "ಇವತ್ತು ನಮ್ಮ ನಾಣಯ್ಯ ಬರ್ತಾನಲ್ಲ! ಎಷ್ಟು ದೊಡ್ಡ ಮನುಷ್ಯ ಆಗಿಬಿಟ್ಟ ನೋಡಿ. ಮೈಸೂರಲ್ಲಿ ಪರೀಕ್ಷೆ ಪಾಸು ಮಾಡಿದ್ದಾನಂತೆ, ಸರ್ಟಿಫಿಕೇಟು ಉಂಟಂತೆ, ಕಂಪನಿಯವರೇ ಬಸ್ ಚಾರ್ಜು ಕೊಟ್ಟು ಕಳಿಸ್ತಾರಂತೆ" ಎಂದಳು. ಪೂವಯ್ಯ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. "ಎಂತಕ್ಕೆ ಬಿಟ್ಟಿರಿ?" ಎಂದರೆ, "ಸೀದು ಹೋಗಿದೆ ನಿನ್ನ ಕಾಫಿ" ಎಂದ. ಕಾಫಿ ಚೆನ್ನಾಗಿಯೇ ಇತ್ತು. ಸೀದದ್ದು ಬೇರೆ.

ನೆಲ್ಯಹುದಿಕೇರಿಯ ಆಚೆ, ಹೊಳೆ ದಂಡೆಗೆ ತಾಗಿದ ಬೋಜಪ್ಪ ಸಾವ್ಕಾರರ ಎಸ್ಟೇಟಿನಲ್ಲಿ ಪೂವಯ್ಯ ಇಂಜಿನ್ ಮೇಸ್ತ್ರಿ. ಹದಿನಾಲ್ಕು ವರ್ಷದ ಹಿಂದೆ ಸಾವ್ಕಾರರು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗಿನ ಇಂಜಿನ್ನಿಗೆ ಒಂದು ಸಣ್ಣ ಡೈನಮೋ ಕಟ್ಟಿಸಿ ಮನೆಗೆ ದೀಪ ತಂದಾಗ, ಮನೆ ತುಂಬಾ ಮರದ ಪಟ್ಟಿ ಹೊಡೆದು ಅದರೊಳಗೆ ವೈರು ಎಳೆದವನು ಪೂವಯ್ಯ. ಆ ಕಾಲಕ್ಕೆ ಸುತ್ತ ಹತ್ತು ಊರಲ್ಲಿ ಆ ಕೆಲಸ ಬಲ್ಲವನು ಅವನೊಬ್ಬನೇ. ಹುತ್ತರಿ ಹಬ್ಬಕ್ಕೆ ಬಂದ ನೆಂಟರು ಉರಿಯುವ ಬಲ್ಬಿಗೆ ಕೈ ಮುಗಿದು, ಆಮೇಲೆ ತಿರುಗಿ ಪೂವಯ್ಯನ ಮುಖ ನೋಡುತ್ತಿದ್ದರು. ಆಗ ಅವನ ಕೈಕೆಳಗೆ ಕೆಲಸ ಕಲಿಯುತ್ತಾ ಏಣಿ ಹಿಡಿದು ನಿಂತಿದ್ದವನೇ ಈ ನಾಣಯ್ಯ. ತಿರುಪು ಯಾವ ಕಡೆಗೆ ತಿರುಗಿಸಿದರೆ ಬಿಗಿಯುತ್ತದೆ ಅನ್ನುವುದರಿಂದ ಹಿಡಿದು ಎಲ್ಲವನ್ನೂ ಅವನಿಗೆ ಹೇಳಿಕೊಟ್ಟದ್ದು ಪೂವಯ್ಯ.

ಈಗ ಯುದ್ಧ ಶುರುವಾಗಿ, ಪಕ್ಕದ ಎಸ್ಟೇಟಿನ ಬಿಳಿ ದೊರೆ ಎಲ್ಲ ಮಾರಿ ತನ್ನ ಸೀಮೆಗೆ ಹೊರಟಿದ್ದ. ಅವನ ದೊಡ್ಡ ಇಂಜಿನ್ನು, ದೊಡ್ಡ ಡೈನಮೋ ಎರಡನ್ನೂ ಬೋಜಪ್ಪ ಕೊಂಡಿದ್ದರು. ಹಳೆಯದು ಕೊಡುತ್ತಿದ್ದದ್ದು ಐವತ್ತು ವೋಲ್ಟು; ಮುಟ್ಟಿದರೆ ಕೆಂಜಿರುವೆ ಕಚ್ಚಿದ ಹಾಗೆ ಜುಮ್ಮೆಂದು ಸುಮ್ಮನಾಗುತ್ತಿತ್ತು. ಹೊಸದು ಇನ್ನೂರ ಮೂವತ್ತು. ಅದು ಕಚ್ಚಿದರೆ ಬಿಡುವ ಜಾತಿಯದಲ್ಲ. ಹಾಗಾಗಿ ಜಗಲಿಯ ಗೋಡೆಯಲ್ಲಿದ್ದ ಸ್ಲೇಟು ಕಲ್ಲಿನ ಹಳೇ ಫ್ಯೂಸ್ ಬೋರ್ಡು ತೆಗೆದು ಕಬ್ಬಿಣದ ಪೆಟ್ಟಿಗೆಯ ಹೊಸ ಮೇನ್ ಬೋರ್ಡು ಕೂರಿಸಬೇಕು. ಅದಕ್ಕೂ ಮೊದಲು ಹಳೇ ವೈರು ಹೊಸ ಕರೆಂಟು ತಡೆಯುತ್ತದೋ ಇಲ್ಲವೋ ಅಂತ ಸರ್ಟಿಫಿಕೇಟಿನವನೊಬ್ಬ ಪರೀಕ್ಷೆ ಮಾಡಿ ಬರೆದುಕೊಡಬೇಕು. ಮೈಸೂರಿನ ಕಂಪನಿ ಹಾಗೆ ಹೇಳಿ ಕಳಿಸಿದ್ದು ಯಾರನ್ನು? ನಾಣಯ್ಯನನ್ನು. ಅಂದರೆ ಗುರುವಿನ ಕೆಲಸಕ್ಕೆ ಶಿಷ್ಯ ಮಾರ್ಕು ಹಾಕಬೇಕು. ಉರಿಯದೆ ಇನ್ನೇನಾದೀತು?

ಒಂಬತ್ತು ಗಂಟೆಗೆ ನಾಣಯ್ಯ ಬಂದ. ಖಾಕಿ ಕೋಟು, ಕಾಲಿಗೆ ಬೂಟು, ಕೈಯಲ್ಲಿ ತೊಗಲಿನ ಹಿಡಿಯಿದ್ದ ಮರದ ಪೆಟ್ಟಿಗೆ. ಪೂವಯ್ಯನನ್ನು ಕಂಡವನೇ ಪೆಟ್ಟಿಗೆ ಕೆಳಗಿಟ್ಟು ಕಾಲಿಗೆ ಬಾಗಿದ. "ಹೇಗಿದ್ದೀರಿ ಮಾವ? ಅತ್ತೆ ಹುಷಾರಾ?" ಕಾಲಿಗೆ ಬಿದ್ದವನ ಮೇಲೆ ಸಿಟ್ಟು ಮಾಡುವುದು ಹೇಗೆ ಹೇಳಿ. ಪೂವಯ್ಯನಿಗೆ ಅದಕ್ಕೂ ಸಿಟ್ಟು ಬಂತು.

"ಬನ್ನಿ ಬನ್ನಿ ನಾಣಯ್ಯನವರೇ, ಕೂತ್ಕೊಳ್ಳಿ" ಎಂದು ಬೋಜಪ್ಪ ಬೆತ್ತದ ಕುರ್ಚಿ ಎಳೆದರು. ನಾಣಯ್ಯನವರೇ! ಹದಿನಾಲ್ಕು ವರ್ಷದಲ್ಲಿ ಒಂದು ಸಲವಾದರೂ ಆ ಬಾಯಲ್ಲಿ ಪೂವಯ್ಯನವರೇ ಅಂತ ಬಂದಿತ್ತೇ? "ಪೂವಯ್ಯಾ, ದೀಪ ಹೋಯ್ತಲ್ಲೋ" ಅಂತ ಬರುತ್ತಿತ್ತು, ಅಷ್ಟೇ. ಆ ಕುರ್ಚಿಯಲ್ಲಿ ಪೂವಯ್ಯ ಒಂದು ದಿನ ಕೂತವನಲ್ಲ. ಕೂರು ಅಂದವರೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಯಾವನೋ ಅನುಭವಿಸಿದವನೇ ಹೇಳಿರಬೇಕು.

ಬರೀ ಕುರ್ಚಿಯ ಉರಿಯಾಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದನೇನೋ. ಇನ್ನೊಂದಿತ್ತು. ಅದು ಹೆದರಿಕೆ.

ಹದಿನೈದು ದಿನದ ಹಿಂದೆ ಮನೆಗೆಲಸದ ಚೋಮಿ ಇಂಜಿನ್ ಮನೆಗೆ ಬಂದು, "ಅಯ್ಯಾ, ಬಚ್ಚಲು ಬಾಗಿಲ ಸುಚ್ಚು ಕಚ್ತದೆ" ಅಂದಿದ್ದಳು. "ಒದ್ದೆ ಕೈಲಿ ಮುಟ್ಟಿದರೆ ಕಚ್ಚದೆ ಮುತ್ತು ಕೊಡ್ತದಾ? ಹೋಗು" ಅಂತ ಪೂವಯ್ಯ ಅಟ್ಟಿದ್ದ. ಆದರೆ ಹೆದರಿಕೆ ಹುಟ್ಟಿದ್ದು ಆಗಲೇ. ಯಾಕೆಂದರೆ ಆ ಲೈನಿನ ಸಂಗತಿ ಅವನಿಗೊಬ್ಬನಿಗೇ ಗೊತ್ತು. ವೈರು ಎಳೆದ ವರ್ಷ ಹುತ್ತರಿಗೆ ಎರಡೇ ದಿನ ಇರುವಾಗ ಆ ಮೂಲೆಗೆ ವೈರು ಸಾಲಲಿಲ್ಲ, ಸುತ್ತುವ ರಬ್ಬರು ಪಟ್ಟಿಯೂ ಮುಗಿದಿತ್ತು. ಪೂವಯ್ಯ ಒಂದು ತುಂಡು ವೈರು ಸೇರಿಸಿ ಗಂಟು ಹಾಕಿ, ಜೇನುಕುರುಬರು ಕಾಡಿನಿಂದ ತಂದು ಮಾರುವ ಜೇನುಮೇಣವನ್ನು ಬಟ್ಟೆಗೆ ಬಳಿದು ಬಿಗಿಯಾಗಿ ಸುತ್ತಿ ಮರದ ಪಟ್ಟಿ ಮುಚ್ಚಿಬಿಟ್ಟ. ಮೇಣ ನೀರು ಬಿಡುವುದಿಲ್ಲ, ಸರಿಯೇ. ಆದರೆ ಆ ಗೋಡೆಯ ಇನ್ನೊಂದು ಮಗ್ಗುಲಿಗೆ ಬಚ್ಚಲಿನ ಒಲೆ. ನಮ್ಮ ಕಡೆ ಬಚ್ಚಲು ಒಲೆ ಆರಿದ್ದನ್ನು ಕಂಡವರುಂಟೇ? ಹದಿನಾಲ್ಕು ವರ್ಷದ ಬಿಸಿಗೆ ಮೇಣ ಕರಗಿ ಇಳಿದಿರಬೇಕು. ತಾಮ್ರ ಬತ್ತಲೆಯಾಗಿ ಹಸಿ ಗೋಡೆಗೆ ತಾಗಿ, ಗೋಡೆಯಿಂದ ಸ್ವಿಚ್ಚಿನ ಹಿತ್ತಾಳೆ ಟೊಪ್ಪಿಗೆ ಕರೆಂಟು ಇಳಿಯುತ್ತಿದೆ. ಇದೆಲ್ಲ ಪೂವಯ್ಯನಿಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಯಿತು.

ಆವತ್ತೇ ಬಿಚ್ಚಿ ಸರಿಮಾಡಬಹುದಿತ್ತಲ್ಲ? ಮಾಡಬಹುದಿತ್ತು. ನಾಳೆ ಮಾಡೋಣ ಅಂದುಕೊಂಡ. ಆ ನಾಳೆಯೇ ಸಾವ್ಕಾರರ ಮಗಳು ಯಮುನ ಹೆತ್ತಳು. ಒಲೆಯ ಗೋಡೆಗೆ ತಾಗಿದ ಪಕ್ಕದ ಕೋಣೆ ಬೆಚ್ಚಗಿರುತ್ತದೆ ಅಂತ ಬಾಣಂತಿಯನ್ನು ಅಲ್ಲೇ ಮಲಗಿಸಿದರು. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವ ಹಾಗಿಲ್ಲ. ಪಟ್ಟಿ ಬಿಚ್ಚಬೇಕಾದದ್ದು ಆ ಕೋಣೆಯಲ್ಲೇ; ಬಚ್ಚಲಿನ ಬಾಗಿಲು, ಕಚ್ಚುವ ಸ್ವಿಚ್ಚು ಇರುವುದೂ ಅಲ್ಲೇ, ಕೋಣೆಗೂ ಬಚ್ಚಲಿಗೂ ದೀಪ ಅದೇ ಲೈನಿನಲ್ಲಿ. ಕೇಳಿ ಹೋಗಬೇಕೆಂದರೆ ಯಾಕೆ ಅಂತ ಹೇಳಬೇಕು, ಹೇಳಿದರೆ ಮೇಣದ ಕತೆ ಹೊರಗೆ ಬರುತ್ತದೆ. ಪೂವಯ್ಯ ಬಾಯಿ ಮುಚ್ಚಿಕೊಂಡ.

ಈಗ ನಾಣಯ್ಯನ ಪೆಟ್ಟಿಗೆಯೊಳಗೆ ಕೂತಿದ್ದ, ವೈರಿನಲ್ಲಿ ಕರೆಂಟು ಸೋರುವುದನ್ನು ಹಿಡಿಯುವ ಮೆಗ್ಗರು ಅನ್ನುವ ಯಂತ್ರ ಆ ಬಾಯಿ ಬಿಡಿಸುವುದಿತ್ತು. ಬೇರೆ ಯಾವನಾದರೂ ಹಿಡಿದಿದ್ದರೆ ಪೂವಯ್ಯ ತಲೆ ತಗ್ಗಿಸುತ್ತಿದ್ದ. ಈ ನಾಣಯ್ಯನ ಮುಂದೆಯೇ? ಸಾವ್ಕಾರರು ಕುರ್ಚಿ ಎಳೆದು ಕೂರಿಸಿದ ಇವನ ಮುಂದೆ? ಜೀವ ಹೋದರೂ ಆಗದು ಅಂದುಕೊಂಡ. ಯಾರ ಜೀವ ಅಂತ ಆಗ ಯೋಚಿಸಲಿಲ್ಲ.

"ನೀವು ಕಾಫಿ ಕುಡೀರಿ, ನಾನು ಫ್ಯೂಸು ಬಿಚ್ಚಿಡ್ತೇನೆ" ಎಂದು ಬೋರ್ಡಿನ ಮುಂದೆ ನಿಂತ. ಬೆನ್ನು ಜಗಲಿಯ ಕಡೆ. ಆರು ಲೈನು, ಆರು ಫ್ಯೂಸು. ಕಡೆಯದು ಬಚ್ಚಲು ಮನೆಯದು. ಅದರ ಎರಡು ತಿರುಪು ಸಡಿಲಿಸಿ ವೈರಿನ ತುದಿಗಳನ್ನು ಹೊರಗೆಳೆದು, ತಾಗಿಯೂ ತಾಗದ ಹಾಗೆ ಹಿಂದೆ ಸಿಕ್ಕಿಸಿಟ್ಟ. ನೋಡುವವರಿಗೆ ವೈರು ಇದ್ದಲ್ಲೇ ಇದೆ. ಯಂತ್ರಕ್ಕೆ ಮಾತ್ರ ಆಚೆ ವೈರೇ ಇಲ್ಲ. ಇಲ್ಲದ ವೈರಿನಲ್ಲಿ ಸೋರುವುದಾದರೂ ಏನು?

ಪರೀಕ್ಷೆ ಶುರುವಾಯಿತು. ಬಲ್ಬುಗಳನ್ನೆಲ್ಲ ತೆಗೆದು ಸ್ವಿಚ್ಚುಗಳನ್ನೆಲ್ಲ ಹಾಕಿಡಬೇಕು. ಬಾಣಂತಿ ಕೋಣೆಯ ಬಾಗಿಲಿಗೆ ಹೋಗಿ ಪೂವಯ್ಯ ಚೋಮಿಗೆ ಹೇಳಿದ.

"ಆ ಕಚ್ಚೋ ಸುಚ್ಚಾ ಅಯ್ಯಾ?" ಎಂದಳು ಅವಳು, ಊರಿಗೆಲ್ಲ ಕೇಳುವ ಹಾಗೆ.

"ಬಾಯಿ ಮುಚ್ಚೆ. ಇಂಜಿನ್ನು ನಿಂತಿದೆ, ಎಂತದೂ ಕಚ್ಚೂದಿಲ್ಲ" ಎಂದು ಪಿಸುಗುಟ್ಟಿದ. ತಿರುಗಿ ನೋಡಿದರೆ ನಾಣಯ್ಯ ಮೆಗ್ಗರಿನ ಒಂದು ವೈರನ್ನು ನೆಲಕ್ಕೆ ಹೊಡೆದ ಕಬ್ಬಿಣದ ಸಲಾಕೆಗೆ ಕಟ್ಟುತ್ತಿದ್ದ. ಕೇಳಿದ ಹಾಗಿರಲಿಲ್ಲ.

ಇನ್ನೊಂದು ವೈರನ್ನು ಮೊದಲ ಲೈನಿಗೆ ಮುಟ್ಟಿಸಿ ನಾಣಯ್ಯ ಹಿಡಿ ತಿರುಗಿಸಿದ. ಗರ್ರ್ ಅಂತ ಸದ್ದು. ಮುಳ್ಳು ಮೇಲೇರಿ ನಿಂತಿತು; ಮೇಲೇರಿದಷ್ಟೂ ಸೋರಿಕೆ ಕಡಿಮೆ. "ಪಡಸಾಲೆ ಪಾಸು" ಎಂದ. ಅಡಿಗೆಮನೆ, ಸ್ವಲ್ಪ ಇಳಿಯಿತು, ಆದರೂ ಪಾಸು. ಅಟ್ಟ ಪಾಸು. ಒಂದೊಂದು ಪಾಸಿಗೂ ಬೋಜಪ್ಪ "ಭೇಷ್" ಎಂದರು. ಭೇಷ್ ಯಾರಿಗೆ? ತಿರುಗಿಸಿದವನಿಗೋ, ವೈರು ಎಳೆದವನಿಗೋ? ಪೂವಯ್ಯ ಸಾವ್ಕಾರರ ಮುಖವನ್ನೇ ನೋಡುತ್ತಿದ್ದ. ಅವರು ನೋಡುತ್ತಿದ್ದದ್ದು ಯಂತ್ರವನ್ನು.

ಆರನೆಯ ಲೈನು. ಮುಳ್ಳು ಒಂದೇ ಏಟಿಗೆ ಕೊನೆಯ ಗುರುತಿಗೆ ಹೋಗಿ ಬಡಿದು ಅಲ್ಲೇ ಕೂತಿತು. ನಾಣಯ್ಯ ಹುಬ್ಬು ಗಂಟಿಕ್ಕಿದ. ಇನ್ನೊಮ್ಮೆ ತಿರುಗಿಸಿದ. ಹಾಗೇ.

"ಮಾವ, ಇದು ಬಚ್ಚಲು ಮನೆದಲ್ವ? ಒಣಗಿದ ಪಡಸಾಲೆ ವೈರೇ ಇಷ್ಟು ತೋರಿಸಲಿಲ್ಲ. ನೀರು, ಹೊಗೆ ಎಲ್ಲ ಇರೋ ಕಡೆ ಹೊಸ ವೈರಿನ ಹಾಗೆ ತೋರಿಸ್ತಾ ಉಂಟು."

ಪೂವಯ್ಯ ಬಿಚ್ಚಿಟ್ಟ ಫ್ಯೂಸುಗಳನ್ನು ಸಾಲಾಗಿ ಜೋಡಿಸತೊಡಗಿದ. "ಅದಕ್ಕೆ ಜಾಸ್ತಿ ಜಾಗ್ರತೆ ಮಾಡಿ ಹಾಕಿದ್ದು" ಎಂದ.

"ಲೈನು ಆಚೆ ತುದಿವರೆಗೆ ಉಂಟೋ ಇಲ್ವೋ ಅಂತ ಕೋಣೆಯೊಳಗೆ ಹೋಗಿ ಬ್ಯಾಟರಿ ಗಂಟೆ ಕಟ್ಟಿ ಹೊಡೀತದಾ ನೋಡ್ಬೇಕಿತ್ತು" ಎಂದು ನಾಣಯ್ಯ ಬಾಣಂತಿ ಕೋಣೆಯ ಕಡೆ ನೋಡಿದ. ಒಳಗೆ ಮಗು ಅಳುತ್ತಿತ್ತು. "ಈಗ ಅಲ್ಲಿಗೆ ಹೋಗೂದು ಹೇಗೆ..." ಪೂವಯ್ಯನ ಕಡೆಗೆ ತಿರುಗಿದ. "ಮಾವ, ನೀವು ಹೇಳಿ. ಈ ಲೈನು ಸರಿ ಉಂಟಾ?"

ಕಣ್ಣಲ್ಲಿ ಕಣ್ಣಿಟ್ಟು ಕೇಳಿದ. ಪೂವಯ್ಯನಿಗೆ ಅಲ್ಲಿ ಬಾಯಿ ಬಿಡಲು ಎಷ್ಟು ಹೊತ್ತು ಬೇಕಿತ್ತು? ಎರಡು ಮಾತು. ಆದರೆ ಬೋಜಪ್ಪ ಅಲ್ಲೇ ನಿಂತಿದ್ದರು. ಬೆತ್ತದ ಕುರ್ಚಿಯೂ ಅಲ್ಲೇ ಇತ್ತು.

"ಸರಿ ಉಂಟು" ಎಂದ.

"ಹಾಗಾದ್ರೆ ಆಯ್ತು" ಎಂದು ನಾಣಯ್ಯ ಕಾಗದ ತೆಗೆದು ಬರೆಯಲು ಕೂತ. ಬರೆದು ರುಜು ಹಾಕಿ ಬೋಜಪ್ಪನವರ ಕೈಗಿತ್ತು, "ಸಾವ್ಕಾರ್ರೆ, ಐದು ಲೈನು ಮೆಗ್ಗರು ನೋಡಿ ಬರೆದದ್ದು. ಆರನೇದು ಮಾವನ ಮಾತು ಕೇಳಿ ಬರೆದದ್ದು. ಮೆಗ್ಗರಿಗಿಂತ ಅದೇ ಗಟ್ಟಿ" ಎಂದ.

"ನಮ್ಮ ಪೂವಯ್ಯ ಅಂದ್ರೆ ಎಂತ ಅಂದ್ಕೊಂಡ್ರಿ ಮತ್ತೆ!" ಎಂದು ಬೋಜಪ್ಪ ಅವನ ಬೆನ್ನು ತಟ್ಟಿದರು.

ಅಯ್ಯೋ, ಇಷ್ಟಕ್ಕೇ ಅಲ್ಲವೇ ಅವನು ಬೆಳಗಿನಿಂದ ಬೆಂದದ್ದು! ಬಂತಲ್ಲ, ಕೈತುಂಬಾ ಬಂತು. ಯಂತ್ರಕ್ಕಿಂತ ನಿನ್ನ ಮಾತು ದೊಡ್ಡದು ಅಂತ ಶಿಷ್ಯನೇ ಎದುರಿಗೆ ಹೇಳಿದ. ಪೂವಯ್ಯನಿಗೆ ಕಾಲು ಗಂಟೆ ಖುಷಿಯಾಯಿತು. ಅಷ್ಟು ಹೊತ್ತು ಅವನು ನಿಜವಾಗಿಯೂ ತಾನು ಒಳ್ಳೆಯ ಕೆಲಸಗಾರ ಅಂತಲೇ ನಂಬಿಕೊಂಡಿದ್ದ.

ಅವನ ಲೆಕ್ಕ ಬೇರೆ ಇತ್ತು ನೋಡಿ. ಇವನು ಬರೆದುಕೊಟ್ಟು ಹೊರಡುತ್ತಾನೆ, ಹೊಸ ಬೋರ್ಡು ಕೂರಿಸಲು ಇನ್ನೂ ವಾರವುಂಟು, ಅಷ್ಟರಲ್ಲಿ ಹೇಗಾದರೂ ಒಳಗೆ ನುಗ್ಗಿ ಸರಿಮಾಡಿದರಾಯಿತು ಅಂತ. ಆದರೆ ಬೋಜಪ್ಪ, "ಪಾಸಾಯ್ತಲ್ಲ, ಇನ್ನೆಂತಕ್ಕೆ ತಡ? ಇಂಜಿನ್ನು ತಯಾರುಂಟು, ಬೋರ್ಡು ಬಂದು ಕೂತಿದೆ. ಇವತ್ತೇ ಹಾಕಿಬಿಡಿ. ಸಂಜೆ ಬಾಣಂತಿ ಸ್ನಾನಕ್ಕೆ ಹೊಸ ದೀಪ ಉರೀಲಿ" ಎಂದುಬಿಟ್ಟರು.

ನಾಣಯ್ಯ ಕೋಟು ಬಿಚ್ಚಿ ಗೋಡೆಗೆ ತೂತು ಕೊರೆಯಲು ನಿಂತ. "ಹಳೇ ಬೋರ್ಡು ನಾನು ಬಿಚ್ತೇನೆ, ನಾನು ಹಾಕಿದ್ದು" ಎಂದು ಪೂವಯ್ಯ ಅಡ್ಡ ನಿಂತುಕೊಂಡ. ಬಿಚ್ಚಿದ. ಮಧ್ಯಾಹ್ನ ದಾಟಿತು. ಊಟಕ್ಕೂ ಹೋಗಲಿಲ್ಲ. ಕಬ್ಬಿಣದ ಪೆಟ್ಟಿಗೆ ಗೋಡೆಗೆ ಕೂತಿತು. ಒಂದೊಂದೇ ಲೈನು ಅದಕ್ಕೆ ಸೇರಿತು. ಪಡಸಾಲೆ, ಅಡಿಗೆಮನೆ, ಅಟ್ಟ, ಕಣಜ, ಜಗಲಿ. ಐದು ಮುಗಿದು ಆರನೆಯ ವೈರಿನ ತುದಿ ಪೂವಯ್ಯನ ಬೆರಳಲ್ಲಿ ಉಳಿಯಿತು.

ಸೇರಿಸಿದರೆ ಹಿತ್ತಾಳೆ ಟೊಪ್ಪಿಗೆ ಇನ್ನೂರ ಮೂವತ್ತು ವೋಲ್ಟು. ಸೇರಿಸದೆ ಬಿಟ್ಟರೆ ಅಲ್ಲಿ ದೀಪ ಉರಿಯುವುದಿಲ್ಲ, ಯಾಕೆ ಅಂತ ನಾಣಯ್ಯ ಹುಡುಕುತ್ತಾನೆ, ಎಲ್ಲ ಬಯಲಾಗುತ್ತದೆ. ಇಂಜಿನ್ ಮನೆಯಲ್ಲಿ ಆಳು ಮುತ್ತ ಹ್ಯಾಂಡಲು ಹಿಡಿದು ಶಿಳ್ಳೆಗಾಗಿ ಕಾಯುತ್ತಿದ್ದ. ಪೂವಯ್ಯ ತಿರುಪುಳಿ ಎತ್ತಿಕೊಂಡ. ಸೇರಿಸಿಬಿಡೋಣವೇ? ಕಚ್ಚುವುದು ಗೊತ್ತಿರುವ ಚೋಮಿ ಸ್ವಿಚ್ಚನ್ನು ಕೋಲಲ್ಲಿ ಹಾಕುತ್ತಾಳೆ, ಜಾಣೆ. ಇವತ್ತೊಂದು ದಿನ ಏನೂ ಆಗಲಿಕ್ಕಿಲ್ಲ. ನಾಳೆ ಹೇಗಾದರೂ... ಹೀಗೆಲ್ಲ ಯೋಚಿಸಿದ್ದು ನಿಜ. ಸುಳ್ಳು ಯಾಕೆ ಹೇಳಲಿ, ಅವನು ತಿರುಪು ಒಂದು ಸುತ್ತು ತಿರುಗಿಸಿಯೂ ಬಿಟ್ಟ.

ಆಗ ಬಾಣಂತಿ ಕೋಣೆಯ ಬಾಗಿಲ ಹಿಂದಿನಿಂದ ಯಮುನಳ ದನಿ ಬಂತು. "ಪೂವಯ್ಯ ಮಾವ, ದೀಪ ಜೋರಾಗಿ ಬರ್ತದಾ? ಮೊದ್ಲು ನಾನೇ ಸ್ವಿಚ್ಚು ಹಾಕ್ತೇನೆ. ಕೂಸನ್ನ ಎತ್ಕೊಂಡೇ ಹಾಕ್ತೇನೆ. ಇದರ ಮುಖ ಸರಿಯಾಗಿ ನೋಡ್ಲಿಕ್ಕೇ ಆಗಿಲ್ಲ ಈ ಕತ್ತಲೆ ಕೋಣೇಲಿ."

ಪೂವಯ್ಯನ ಕೈಯಿಂದ ತಿರುಪುಳಿ ಜಾರಿ ಕೆಳಗೆ ಬಿತ್ತು.

"ಹಾಕ್ಬೇಡ!" ಎಂದು ಕೂಗಿದ. ಇಂಜಿನ್ನೇ ಶುರುವಾಗಿರಲಿಲ್ಲ, ಹಾಕಿದರೂ ಏನೂ ಆಗುತ್ತಿರಲಿಲ್ಲ. ಆದರೂ ಕೂಗಿದ. "ಹಾಕ್ಬೇಡ ಮಗಾ, ಅದರ ಹತ್ರ ಹೋಗ್ಬೇಡ!"

ಬೋಜಪ್ಪ ಓಡಿಬಂದರು. ಪೂವಯ್ಯ ಅಲ್ಲೇ ಜಗಲಿಯ ನೆಲದ ಮೇಲೆ ಕುಕ್ಕರಿಸಿ ಎಲ್ಲ ಹೇಳಿದ. ಮೇಣದ ಗಂಟು, ಚೋಮಿಯ ದೂರು, ಬೆಳಿಗ್ಗೆ ಸಡಿಲಿಸಿದ ತಿರುಪು, ಯಾವುದನ್ನೂ ಬಿಡಲಿಲ್ಲ. "ಇವನ ಮುಂದೆ ನನ್ನ ಕೆಲಸ ಹಾಳು ಅಂತ ಕಾಣ್ಬಾರ್ದು ಅಂತ ಮಾಡಿದೆ" ಎಂದ. ಅದನ್ನೂ ಹೇಳಿದ. ಹೇಳುವಾಗ ನಾಣಯ್ಯನ ಮುಖ ನೋಡಲಿಲ್ಲ.

ಬೋಜಪ್ಪನವರ ಮುಖ ಕೆಂಡವಾಯಿತು. ಕೈ ಎತ್ತಿದವರು ಹೊಡೆಯಲಿಲ್ಲ. "ನಿನ್ನನ್ನ ಆಮೇಲೆ ನೋಡ್ಕೊಳ್ತೇನೆ" ಎಂದು ನಾಣಯ್ಯನ ಕಡೆ ತಿರುಗಿದರು. "ಇವ ನಮ್ಮ ಮನೆಯವ, ಓದಿಲ್ಲ, ಬರೆದಿಲ್ಲ, ಹೊಟ್ಟೆಕಿಚ್ಚಿಗೆ ಬುದ್ಧಿ ಕೊಟ್ಟ. ನಿನಗೆ ಎಂತ ಆಗಿತ್ತೋ? ಸರ್ಟಿಫಿಕೇಟು ಉಂಟಲ್ಲ ನಿನ್ನ ಹತ್ರ? ಪರೀಕ್ಷೆ ಮಾಡು ಅಂತ ಕರೆಸಿದ್ದು ನಿನ್ನನ್ನ. ನೋಡದೆ ಹೇಗೆ ರುಜು ಹಾಕಿದೆ? ನನ್ನ ಮಗಳು, ಮೊಮ್ಮಗು ಸತ್ತಿದ್ರೆ ಈ ಕಾಗದ ನೆಕ್ಕಬೇಕಿತ್ತಾ ನಾನು?"

ನಾಣಯ್ಯನವರೇ ಎಂದಿದ್ದ ಬಾಯಿ ಅದು. ಈಗ ನಿನ್ನನ್ನ, ನಿನಗೆ. ಮನೆಯ ಆಳುಗಳೆಲ್ಲ ಅಂಗಳದಲ್ಲಿ ನಿಂತು ಕೇಳುತ್ತಿದ್ದರು. ನಾಣಯ್ಯ ಒಂದೇ ಒಂದು ಸಲ ಪೂವಯ್ಯನ ಕಡೆ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. "ತಪ್ಪು ನನ್ನದೇ ಸಾವ್ಕಾರ್ರೆ. ರುಜು ನನ್ನದು" ಎಂದು ತಲೆ ತಗ್ಗಿಸಿ ನಿಂತ.

"ಕಂಪನಿಗೆ ಬರೀತೇನೆ. ಇನ್ನು ಈ ಗೇಟು ದಾಟಿ ಒಳಗೆ ಬರ್ಬೇಡ."

ಬಾಣಂತಿಯನ್ನು ಅತ್ತ ಕಡೆಯ ಕೋಣೆಗೆ ಸಾಗಿಸಿದರು. ಪಟ್ಟಿ ಬಿಚ್ಚಿದರೆ ಪೂವಯ್ಯ ಹೇಳಿದ ಹಾಗೇ ಇತ್ತು. ಬಟ್ಟೆ ಮಸಿಯಾಗಿ ತಾಮ್ರ ಗೋಡೆಗೆ ಒರಗಿತ್ತು. ಬೈಸಿಕೊಂಡ ನಾಣಯ್ಯನೇ ನಿಂತು ಆ ಲೈನಿಗೆ ಹೊಸ ವೈರು ಹಾಕಿದ. ಮತ್ತೆ ಮೆಗ್ಗರು ತಿರುಗಿಸಿ, ಹಳೇ ಕಾಗದ ಹರಿದು ಹೊಸದು ಬರೆದು ಕುರ್ಚಿಯ ಮೇಲಿಟ್ಟ. ಬೋಜಪ್ಪ ಅದನ್ನು ಎತ್ತಿಕೊಳ್ಳಲಿಲ್ಲ. ನಾಣಯ್ಯ ಪೆಟ್ಟಿಗೆ ಹೊತ್ತು ಬಸ್ಸಿನ ದಾರಿ ಹಿಡಿದ. ಹೋಗುವಾಗ ಪೂವಯ್ಯನಿಗೆ, "ಬರ್ತೇನೆ ಮಾವ" ಎಂದ. ಅಷ್ಟೇ.

ಎರಡು ಬೈದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಗುರುದ್ರೋಹ ಅನ್ನುವುದುಂಟು, ಶಿಷ್ಯದ್ರೋಹಕ್ಕೆ ಹೆಸರೇ ಇಲ್ಲವಲ್ಲ ಅಂತ ಪೂವಯ್ಯನಿಗೆ ಅನ್ನಿಸಿತು. ಬೋಜಪ್ಪನವರ ಜಗಲಿಯಲ್ಲಿ ನಾಣಯ್ಯನ ಮರ್ಯಾದೆ ಹೋಗಬೇಕು ಅಂತ ಬೆಳಗಿನಿಂದ ಹಲ್ಲು ಕಚ್ಚಿ ಬಯಸಿದ್ದ. ಹೋಯಿತು. ಹೋಗುವಾಗಲೂ ಪಾಪಿ ಅದನ್ನು ತನಗಿಂತ ಚೆನ್ನಾಗಿ ಹೊತ್ತುಕೊಂಡು ಹೋದ. ಹೊಟ್ಟೆಕಿಚ್ಚು ಆರಿತೇ? ಇಲ್ಲ. ಈಗ ಅವನ ಕೋಟಿನ ಮೇಲೆ, ಕುರ್ಚಿಯ ಮೇಲೆ ಇರಲಿಲ್ಲ, ಅಷ್ಟೇ.

ಮನೆಗೆ ಬಂದರೆ ಗಂಗಮ್ಮ ಕೋಳಿ ಸಾರು ಮಾಡಿ ಎರಡು ತಟ್ಟೆ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ನಾಣಯ್ಯ ಎಲ್ಲಿ? ಅವನಿಗೂ ಸೇರಿಸಿ ಮಾಡಿದ್ದೇನೆ."

"ಅವ ಬರೂದಿಲ್ಲ. ಇನ್ನು ಈ ಕಡೆಗೇ ಬರೂದಿಲ್ಲ."

"ಅಯ್ಯೋ ದೇವರೇ! ಅಂಥಾ ಒಳ್ಳೇ ಹುಡುಗ, ಎಂತ ತಪ್ಪು ಮಾಡಿದ?"

ಪೂವಯ್ಯ ಹೊಸ್ತಿಲ ಮೇಲೆ ಕೂತ.

"ನನ್ನ ಮಾತು ನಂಬಿದ" ಎಂದ.